ಅರವತ್ತು ಮಂದಿಯ ಪಾರ್ಟಿ, ನೂರಾ ಎಂಬತ್ತು ಬೆವರಿದ ರೊಟ್ಟಿ

ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದರೆ ಕೇಟರಿಂಗ್‌ನವರಿಗೆ ಪಲ್ಯ ಹೇಳಿ, ಅನ್ನ ಸಾರು ಹೇಳಿ, ಚಟ್ನಿ ಹೇಳಿ. ಧೈರ್ಯವಾಗಿ ಹೇಳಿ. ಜೋಳದ ರೊಟ್ಟಿ ಮತ್ತು ಚುರಮುರಿ ಗಿರ್ಮಿಟ್ ಮಾತ್ರ ಹೇಳಬೇಡಿ. ನಾನು ಹೇಳಿದೆ. 12,700 ರೂಪಾಯಿ ಕೊಟ್ಟೆ, ಅದರಲ್ಲಿ ಅರ್ಧ ಊಟ ಅದ್ಭುತವಾಗಿತ್ತು, ಇನ್ನರ್ಧ ಊಟವನ್ನು ನಾವೇ ಮತ್ತೆ ಮಾಡಿಕೊಂಡೆವು.

ಕೇಟರಿಂಗ್‌ನವರ ಹೆಸರು ಬರೆಯುವುದಿಲ್ಲ. ಹೆದರಿಕೆ ಅಂತಲ್ಲ. ಆಮೇಲೆ ನಮ್ಮ ಓಣಿಯಲ್ಲಿ ನಾಲ್ಕು ಮನೆಯಲ್ಲಿ ವಿಚಾರಿಸಿದೆ, ನಾಲ್ಕು ಮನೆಯವರೂ ಬೇರೆ ಬೇರೆಯವರಿಗೆ ಹೇಳಿದ್ದರು, ನಾಲ್ವರದ್ದೂ ಇದೇ ಕಥೆ. ಇನ್ನು ಒಬ್ಬನನ್ನು ಹಿಡಿದು ಬೈದು ಏನು ಮಾಡುವುದು?

ವಿಷಯ ಏನೆಂದರೆ, ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ಮಗಳಿಗೆ 625ಕ್ಕೆ 571. ಇಡೀ ವರ್ಷ ಅವಳೂ ಟಿವಿ ನೋಡಿಲ್ಲ, ನಮಗೂ ನೋಡಲು ಬಿಟ್ಟಿಲ್ಲ, ಹಾಗಾಗಿ ಒಂದು ಪಾರ್ಟಿ ಮಾಡೋಣ ಅಂದೆವು. ಮೊದಲು ಲೆಕ್ಕ ಹಾಕಿದ್ದು ಮೂವತ್ತು ಮಂದಿ. ಅವಳ ಕ್ಲಾಸಿನ ಹದಿನೈದು ಹುಡುಗ ಹುಡುಗಿಯರು, ಅಕ್ಕಪಕ್ಕದ ಮನೆಯವರು, ನಮ್ಮತ್ತೆ, ಅಷ್ಟೇ. ಆಮೇಲೆ ಗದಗಿನ ಚಿಕ್ಕಮ್ಮನಿಗೆ ಹೇಳಿದರೆ ಹಾವೇರಿ ಕಾಕಾನಿಗೆ ಹೇಳದೆ ಇರಲು ಆಗುತ್ತಾ? ಹಾವೇರಿಗೆ ಹೇಳಿದರೆ ಧಾರವಾಡದ ನಾದಿನಿ ಸುಮ್ಮನೆ ಇರುತ್ತಾಳಾ? ನೋಡನೋಡುತ್ತ ಅರವತ್ತಾಯಿತು.

ಈ ಅರವತ್ತು ಅನ್ನೋದು ಬಹಳ ಕೆಟ್ಟ ಸಂಖ್ಯೆ. ಇಪ್ಪತ್ತೈದು ಮಂದಿಗಾದರೆ ಮನೆಯ ಒಲೆ ಸಾಕು, ಇಬ್ಬರು ಹೆಣ್ಣುಮಕ್ಕಳು ಸೇರಿದರೆ ಅಡುಗೆ ಆಗುತ್ತದೆ. ಇನ್ನೂರು ಮಂದಿಗಾದರೆ ಅಡುಗೆಯವರು ಒಲೆ, ಹಂಡೆ, ಬಡಿಸುವ ಹುಡುಗರು ಎಲ್ಲ ತಗೊಂಡು ಮನೆ ಮುಂದೆ ಬಂದು ಕೂರುತ್ತಾರೆ. ಅರವತ್ತು ಮಂದಿ ಅಂದರೆ ಮನೆಯಲ್ಲಿ ಮಾಡಲಿಕ್ಕೂ ಜಾಸ್ತಿ, ಅವರು ಬರಲಿಕ್ಕೂ ಕಡಿಮೆ. ನಾನು ಫೋನ್ ಮಾಡಿದ ಮೂವರಲ್ಲಿ ಇಬ್ಬರು ನೂರು ಪ್ಲೇಟ್‌ಗಿಂತ ಕೆಳಗೆ ಒಲ್ಲೆ ಅಂದರು. ಅದರಲ್ಲೂ ಮೇ ತಿಂಗಳು, ಲಗ್ನಸರಾಯಿ. ಮೂರನೆಯವರು ಮಾತ್ರ "ಏನ್ ಚಿಂತಿ ಮಾಡಬ್ಯಾಡ್ರಿ, ಮನಿ ಊಟ ತಿಂದಂಗ ಆಗ್ತದ" ಅಂದರು. ಆ ಮಾತಿಗೆ ನಾನು ಬಿದ್ದೆ. ಅವರ ಅಡುಗೆ ಅವರ ಜಾಗದಲ್ಲೇ, ಆಟೋದಲ್ಲಿ ನಮ್ಮ ಮನೆಗೆ, ಬಡಿಸುವುದು ನಾವೇ. ಪ್ಲೇಟ್‌ಗೆ 190. ಅದರಲ್ಲಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, ಮೊಸರು, ಮೇಲೆ ಮಕ್ಕಳಿಗೆ ಗಿರ್ಮಿಟ್. ಗೋಬಿ ಮಂಚೂರಿ ಬೇರೆ ಲೆಕ್ಕ, 1,800.

ಗೋಬಿ ಯಾಕೆ ಬಂತು ಅಂತ ಹೇಳಬೇಕು. ಮಗಳಿಗೆ ಬೇಕಿದ್ದದ್ದು ಪಿಜ್ಜಾ. ಇಪ್ಪತ್ತನಾಲ್ಕು ಮಕ್ಕಳಿಗೆ ಮೂರು ಮೂರು ತುಂಡು ಅಂದರೂ ಎಪ್ಪತ್ತೆರಡು ತುಂಡು, ಅಂದರೆ ಒಂಬತ್ತು ಪಿಜ್ಜಾ. ಲೆಕ್ಕ ಕೇಳಿ ನಮ್ಮ ಮನೆಯವರು ಎದ್ದು ಅಂಗಳಕ್ಕೆ ಹೋದರು. ನಮ್ಮತ್ತೆಗೆ ಬೇಕಿದ್ದದ್ದು ಹೂರಣದ ಹೋಳಿಗೆ ಮತ್ತು ಸೀಕರಣಿ, "ಮೇ ತಿಂಗಳದಾಗ ಮಾವಿನಹಣ್ಣ ಬಿಟ್ಟು ಏನ ತಿನ್ನತೀರಿ" ಅಂತ. ಅವರ ಮಾತೂ ಖರೆ. ಧಾರವಾಡದ ಆಪೂಸ್ ಬರುವ ಹೊತ್ತಿನಲ್ಲಿ ಐಸ್‌ಕ್ರೀಮ್ ತಂದು ಬಡಿಸುವುದು ನನಗೂ ಸರಿ ಕಾಣಲಿಲ್ಲ. ಮೂರು ದಿನ ಜಗಳ ಆಡಿ ಕೊನೆಗೆ ಒಪ್ಪಂದ ಆಯಿತು. ಸಂಜೆ ಆರೂವರೆಗೆ ಮಕ್ಕಳಿಗೆ ಗೋಬಿ, ಗಿರ್ಮಿಟ್. ರಾತ್ರಿ ಎಂಟಕ್ಕೆ ಎಲ್ಲರಿಗೂ ಊಟ. ಹೋಳಿಗೆ ಬೇರೆ ಕಡೆ ಹೇಳುವುದು, ಸೀಕರಣಿ ಮನೆಯಲ್ಲಿ, ಪೇಢೆ ಧಾರವಾಡದಿಂದ. ನಳದಲ್ಲಿ ನೀರು ಬರುವ ದಿನ ನೋಡಿ ತಾರೀಖು ಇಟ್ಟೆವು. ನಮ್ಮ ಕಡೆ ಕಾರ್ಯಕ್ರಮಕ್ಕೆ ಮುಹೂರ್ತ ತೆಗೆಯುವುದು ಹಾಗೇ, ಪಂಚಾಂಗ ಆಮೇಲೆ.

ಏಳು ಗಂಟೆಗೆ ಊಟ ತಂದುಕೊಡಿ ಅಂತ ನಾನು ಹೇಳಿದ್ದೆ, ತಿಂಡಿ ಆರು ಗಂಟೆಗೆ. ಎರಡು ಸಲ ಬರಬೇಕಾಗುತ್ತದೆ ಅಂತ ನನಗೂ ಗೊತ್ತಿತ್ತು, ಅದಕ್ಕೇ ಆಟೋಗೆ ಐನೂರು ಜಾಸ್ತಿ ಕೇಳಿದಾಗ ಹೂಂ ಅಂದಿದ್ದೆ.

ಕೇಟರಿಂಗ್ ಬಗ್ಗೆ ಎಲ್ಲರೂ ಹೇಳುವ ದೂರು ಏನು? ತಡವಾಗಿ ಬಂದರು ಅಂತ. ನಮ್ಮವರು ಐದೂಕಾಲಿಗೇ ಬಂದರು. ಎಲ್ಲ ತಗೊಂಡು, ಒಂದೇ ಸಲ, ಒಂದೇ ಆಟೋದಲ್ಲಿ. ನಾನು ಇನ್ನೂ ನೈಟಿಯಲ್ಲಿ ಮಾವಿನಹಣ್ಣು ಹಿಂಡುತ್ತಿದ್ದೆ. "ರಾತ್ರಿ ಒಂದು ರಿಸೆಪ್ಶನ್ ಅದ ರೀ, ಮತ್ತ ಬರಾಕ ಆಗಂಗಿಲ್ಲ" ಅಂದ ಆಟೋದಲ್ಲಿದ್ದ ಹುಡುಗ. ಅವನ ತಪ್ಪಲ್ಲ ಬಿಡಿ, ಅವನಿಗೂ ಅಷ್ಟೇ ಹೇಳಿ ಕಳಿಸಿದ್ದರು. ನೂರು ಪ್ಲೇಟ್‌ನ ಕೆಳಗಿನವರ ಊಟ ದೊಡ್ಡ ಆರ್ಡರಿನ ಸಂದಿನಲ್ಲಿ ಆಗುವ ಊಟ ಅನ್ನೋದು ಆಗ ತಿಳಿಯಿತು. ನಾವು ಅವರಿಗೆ ಗಿರಾಕಿ ಅಲ್ಲ, ದಾರಿಯಲ್ಲಿ ಸಿಗುವ ಒಂದು ಸ್ಟಾಪು.

ಈಗ ಗಿರ್ಮಿಟ್. ಮೈಸೂರು ಬೆಂಗಳೂರು ಕಡೆಯವರಿಗೆ ಒಂದು ಮಾತು: ಇದು ಚುರಮುರಿಯದ್ದೇ, ಆದರೆ ನಿಮ್ಮ ಚುರುಮುರಿ ಅಲ್ಲ. ಇದಕ್ಕೆ ಒಂದು ಒಗ್ಗರಣೆ ಇರುತ್ತದೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆರಸ, ಬೆಲ್ಲ ಹಾಕಿ ಎಣ್ಣೆ ಬಿಡುವ ತನಕ ಕುದಿಸಿದ್ದು. ಅದನ್ನು ಚುರಮುರಿಗೆ ಕಲಸಿ, ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಕೈಗೆ ತಟ್ಟೆ ಬಂದ ಮೇಲೆ ಐದು ನಿಮಿಷ, ಜಾಸ್ತಿ ಅಂದರೆ ಏಳು ನಿಮಿಷ. ಆಮೇಲೆ ಅದು ಗಿರ್ಮಿಟ್ ಅಲ್ಲ. ದುರ್ಗದಬೈಲಿನಲ್ಲಿ ಗಾಡಿಯವರು ಗಿರಾಕಿ ಬಂದ ಮೇಲೇ ಕಲಸುತ್ತಾರಲ್ಲ, ಎಷ್ಟೇ ಗದ್ದಲ ಇದ್ದರೂ ಮೊದಲೇ ಕಲಸಿ ಇಡುವುದಿಲ್ಲ, ಅದಕ್ಕೆ ಕಾರಣ ಇದೆ.

ನಮ್ಮ ಗಿರ್ಮಿಟ್ ಕಲಸಿಯೇ ಬಂತು. ದೊಡ್ಡ ಅಲ್ಯೂಮಿನಿಯಂ ಬುಟ್ಟಿಯಲ್ಲಿ, ಮೇಲೆ ಪೇಪರ್ ಮುಚ್ಚಿ. ನಾನು ಆರೂವರೆಗೆ ಪೇಪರ್ ತೆಗೆದಾಗ ಅದು ಒಂದೇ ಮುದ್ದೆಯಾಗಿ ಬುಟ್ಟಿಯ ಆಕಾರದಲ್ಲಿ ಕೂತಿತ್ತು. ಸೌಟು ಹಾಕಿದರೆ ಪಾಯಸದಿಂದ ಎದ್ದು ಬಂದ ಹಾಗೆ ಜಿಗಿ ಜಿಗಿ. ಹದಿನಾರು ವರ್ಷದ ಹುಡುಗರು ಏನು ಕೊಟ್ಟರೂ ತಿನ್ನುತ್ತಾರೆ ಅಂದುಕೊಂಡಿದ್ದೆ. ಒಬ್ಬ ಬಾಯಿಗೆ ಹಾಕಿಕೊಂಡು "ಆಂಟಿ, ಇದು ಸೂಸಲಾ?" ಅಂದ. ಸೂಸಲಾ ಅಂದರೆ ಚುರಮುರಿಯನ್ನು ನೀರಲ್ಲಿ ನೆನೆಸಿ ಒಗ್ಗರಣೆ ಹಾಕಿದ ತಿಂಡಿ. ಪಾಪ, ಮರ್ಯಾದೆಯಿಂದಲೇ ಕೇಳಿದ.

ಗೋಬಿ ಕಥೆ ಇನ್ನೂ ಬೇರೆ. ಡಬ್ಬಿ ತೆಗೆದ ಕೂಡಲೇ ಕೆಂಪು ಅಂದರೆ ಕೆಂಪು, ಕುಂಕುಮದ ಭರಣಿ ತೆಗೆದ ಹಾಗೆ. ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚ್‌ನಲ್ಲೇ ಸರ್ಕಾರ ನಿಷೇಧ ಹಾಕಿದೆ, ಬಾಂಬೆ ಮಿಠಾಯಿಯ ರೊಡಮೈನ್ ಬಣ್ಣದ ಜೊತೆಗೇ. ಹುಡುಗನನ್ನು ಐದೂಕಾಲಿಗೇ ಕೇಳಿದ್ದೆ. "ಬ್ಯಾಡಗಿ ಮೆಣಸಿನಕಾಯಿ ರೀ, ಬಣ್ಣ ಅಲ್ಲ" ಅಂದ. ಬ್ಯಾಡಗಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯದ್ದೇ, ಹುಟ್ಟಿದಾಗಿನಿಂದ ನೋಡಿದ ಮೆಣಸಿನಕಾಯಿ. ಅದರ ಹೆಸರು ಹೇಳಿ ನನಗೆ ಟೋಪಿ ಹಾಕಲು ಬಂದರೆ ಹೇಗೆ? ಒಂದು ತುಂಡು ತೆಗೆದು ಸ್ಟೀಲ್ ಲೋಟದ ನೀರಿಗೆ ಹಾಕಿದೆ, ಆಮೇಲೆ ಸರಿಯಾಗಿ ಕಾಣಲಿ ಅಂತ ಗಾಜಿನ ಲೋಟಕ್ಕೆ ಸುರಿದೆ. ನೀರು ಗುಲಾಬಿ. ತೆಳ್ಳಗೆ, ಹೊಳೆಯುವ ಗುಲಾಬಿ, ಹೋಳಿಹುಣ್ಣಿಮೆ ದಿನ ಬಕೆಟ್‌ನಲ್ಲಿ ಇರುತ್ತದಲ್ಲ ಅದೇ. ಬ್ಯಾಡಗಿ ಬಣ್ಣ ಎಣ್ಣೆಗೆ ಇಳಿಯುತ್ತದೆ, ಒಗ್ಗರಣೆಯಲ್ಲಿ ನೋಡಿ ಬೇಕಾದರೆ, ಎಣ್ಣೆ ಕೆಂಪಾಗುತ್ತದೆ. ಬರೀ ನೀರಿಗೆ ಹೀಗೆ ಗುಲಾಬಿ ಬಿಡುವುದಿಲ್ಲ.

ಡಬ್ಬಿ ಮುಚ್ಚಿ ಅಡುಗೆಮನೆಯ ಅಟ್ಟದ ಮೇಲೆ ಇಟ್ಟೆ. ಮಗಳು ಮುಖ ಊದಿಸಿಕೊಂಡಳು. "ಎಲ್ಲಾ ಕಡೆ ಹಾಗೇ ಇರುತ್ತೆ ಮಮ್ಮಿ" ಅಂದಳು. ಇರುತ್ತೆ, ನನಗೂ ಗೊತ್ತು. ಆದರೆ ಬೇರೆಯವರ ಮನೆಯ ಇಪ್ಪತ್ತು ಮಕ್ಕಳಿಗೆ ನನ್ನ ಕೈಯಾರೆ ಬಡಿಸಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಗುಡುಗು. ಮೇ ತಿಂಗಳ ಸಂಜೆ ಮಳೆ ನಮಗೆ ಹೊಸದಲ್ಲ, ಆದರೂ ನಾವು ಟೆರೇಸ್ ಮೇಲೆ ಕುರ್ಚಿ ಹಾಕಿದ್ದೆವು. ಮಕ್ಕಳೆಲ್ಲ ಕುರ್ಚಿ ತಲೆ ಮೇಲೆ ಹೊತ್ತುಕೊಂಡು ಕೆಳಗೆ ಇಳಿದರು. ಕರೆಂಟ್ ಹೋಯಿತು. ಹಾಲ್‌ನಲ್ಲಿ ಇಪ್ಪತ್ತನಾಲ್ಕು ಹಸಿದ ಮಕ್ಕಳು, ಮೊಬೈಲ್ ಟಾರ್ಚು, ಕೈಯಲ್ಲಿ ಖಾಲಿ ತಟ್ಟೆ.

ಮೈದುನ ಬೈಕ್ ತಗೊಂಡು ಮಳೆಯಲ್ಲೇ ಹೋಗಿ ಓಣಿಯ ಕೊನೆಯ ಕಿರಾಣಿ ಅಂಗಡಿಯಿಂದ ಎರಡೂವರೆ ಕೆಜಿ ಚುರಮುರಿ ತಂದ. ಎರಡೂವರೆ ಕೆಜಿ ಅಂದರೆ ಎಷ್ಟು ದೊಡ್ಡ ಚೀಲ ಅಂತ ಅವನಿಗೆ ಅಂದಾಜಿರಲಿಲ್ಲ, ಬೈಕ್ ಮೇಲೆ ದಿಂಬು ಹೊತ್ತುಕೊಂಡು ಬಂದ ಹಾಗೆ ಬಂದ. ನಾದಿನಿ ಮೊಬೈಲ್ ಬೆಳಕಿನಲ್ಲಿ ಎರಡು ಕೆಜಿ ಉಳ್ಳಾಗಡ್ಡಿ ಹೆಚ್ಚಿದಳು. ಎಣ್ಣೆ ಸ್ವಲ್ಪ ಧಾರಾಳ ಹಾಕಿ, ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಮೆಣಸಿನಕಾಯಿ, ಅರಿಶಿನ, ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಟೊಮ್ಯಾಟೊ, ಹುಣಸೆ ನೀರು, ಒಂದು ಉಂಡೆ ಬೆಲ್ಲ. ಒಗ್ಗರಣೆ ತಯಾರಾಗಲು ಇಪ್ಪತ್ತೈದು ನಿಮಿಷ ಹಿಡಿಯಿತು. ಪುಟಾಣಿ ಮಿಕ್ಸಿಗೆ ಹಾಕಲು ಕರೆಂಟ್ ಇಲ್ಲ, ನಮ್ಮತ್ತೆ ಕುಟ್ಟಾಣಿಯಲ್ಲಿ ಕುಟ್ಟಿಕೊಟ್ಟರು. ಒಂದು ಸಲಕ್ಕೆ ಆರು ತಟ್ಟೆ ಮಾತ್ರ ಕಲಸಿದೆ, ಕೊಟ್ಟೆ, ಮತ್ತೆ ಆರು. ಮಕ್ಕಳು ಅಡುಗೆಮನೆ ಬಾಗಿಲಲ್ಲಿ ಸಾಲಾಗಿ ನಿಂತರು. ಮೆಣಸಿನಕಾಯಿ ಬಜ್ಜಿ ಹೇಗಿದ್ದರೂ ಮನೆಯಲ್ಲೇ ಕರಿಯುವುದಿತ್ತು, ಹಿಟ್ಟು ತಯಾರಿತ್ತು, ಅದೂ ಆ ಕಡೆ ಒಲೆಯಲ್ಲಿ ಶುರುವಾಯಿತು. ಮಿರ್ಚಿ ಹೊರಗಿಂದ ತರಿಸೋಣ ಅಂತ ಮನೆಯವರು ಹೇಳಿದ್ದರು, ನಾನು ಒಪ್ಪಿರಲಿಲ್ಲ. ಪೇಪರಿನಲ್ಲಿ ಕಟ್ಟಿದ ಮಿರ್ಚಿ ನಮ್ಮ ಉಣಕಲ್ ಮುಟ್ಟುವ ಹೊತ್ತಿಗೆ ಒದ್ದೆ ಸಾಕ್ಸ್ ಆಗಿರುತ್ತದೆ. ತಲೆಗೆ ಎರಡು ಅಂತ ಲೆಕ್ಕ ಹಾಕಿದ್ದೆ. ಹುಡುಗಿಯರಿಗೆ ಎರಡು ಸಾಕಾಯಿತು, ಹುಡುಗರು ಐದು, ಆರು ತಿಂದರು. ಹದಿಹರೆಯದ ಹುಡುಗರಿಗೆ ತಲೆ ಲೆಕ್ಕ ಹಾಕಬೇಡಿ, ಹೊಟ್ಟೆ ಲೆಕ್ಕ ಹಾಕಿ.

ಅದಿರಲಿ, ರೊಟ್ಟಿಗೆ ಬರುತ್ತೇನೆ, ನನಗೆ ಸಿಟ್ಟು ಬಂದದ್ದು ಅಲ್ಲಿ.

ತಲೆಗೆ ಮೂರರಂತೆ ನೂರಾ ಎಂಬತ್ತು ರೊಟ್ಟಿ. ಮೊದಲನೆಯದಾಗಿ ಆ ಲೆಕ್ಕವೇ ತಪ್ಪು. ಮಕ್ಕಳು ಎಷ್ಟು, ದೊಡ್ಡವರು ಎಷ್ಟು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಜ್ಜಿ ತಿಂದ ಮಕ್ಕಳು ರೊಟ್ಟಿ ಮುಟ್ಟುವುದಿಲ್ಲ, ನೇರ ಅನ್ನಕ್ಕೆ ಬರುತ್ತಾರೆ, ಇಲ್ಲಾಂದರೆ ಹೋಳಿಗೆಗೆ. ದೊಡ್ಡವರು ಮೂವತ್ತಾರು ಮಂದಿ, ಅವರಿಗೆ ಎರಡೂವರೆಯಂತೆ ತೊಂಬತ್ತು ಸಾಕಿತ್ತು. ಅದು ನನ್ನ ಕಡೆಯ ತಪ್ಪು ಅಂತ ಒಪ್ಪುತ್ತೇನೆ. ಆದರೆ ಕಟ್ಟಿದ ರೀತಿ? ಬಿಸಿ ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಪ್ಪತ್ತು ಇಪ್ಪತ್ತು ಹಾಕಿ, ಬಾಯಿ ಗಂಟು ಕಟ್ಟಿ, ಒಂಬತ್ತು ಚೀಲ ಒಂದರ ಮೇಲೊಂದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ನಾಲ್ಕೂವರೆಗೆ ಕಟ್ಟಿರಬೇಕು. ನಾವು ತೆಗೆದದ್ದು ಎಂಟಕ್ಕೆ.

ರೊಟ್ಟಿ ಬೇಯಿಸಿದ ಯಾರಿಗಾದರೂ ಗೊತ್ತು ಏನಾಗಿರುತ್ತದೆ ಅಂತ. ಒಳಗಿನ ಹಬೆ ಹೊರಗೆ ಹೋಗಲು ಜಾಗ ಇಲ್ಲ, ಚೀಲದ ಒಳಗೇ ನೀರಾಗಿ ಮತ್ತೆ ರೊಟ್ಟಿ ಮೇಲೆ ಬೀಳುತ್ತದೆ. ಚಪಾತಿಯಾದರೆ ಹೇಗೋ ತಡೆದುಕೊಳ್ಳುತ್ತದೆ, ಗೋಧಿಗೆ ಅಂಟು ಇದೆ. ಜೋಳಕ್ಕೆ ಆ ಅಂಟಿಲ್ಲ. ಒದ್ದೆ ಆದರೆ ಹಿಟ್ಟಾಗಿ ಬಿಡುತ್ತದೆ. ಮೊದಲ ಚೀಲದಿಂದ ಒಂದು ರೊಟ್ಟಿ ಎತ್ತಿದೆ, ಅರ್ಧ ನನ್ನ ಕೈಗೆ ಬಂತು, ಇನ್ನರ್ಧ ಕೆಳಗಿನ ರೊಟ್ಟಿಗೆ ಅಂಟಿಕೊಂಡು ಅಲ್ಲೇ ಉಳಿಯಿತು. ಬೆರಳಿನ ಗುರುತು ಮೂಡುತ್ತಿತ್ತು. ವಾಸನೆ ಬೇರೆ, ಹಸಿ ಹಿಟ್ಟಿನ ವಾಸನೆ. ಗದಗಿನ ಚಿಕ್ಕಮ್ಮ ಪಕ್ಕದಲ್ಲೇ ನಿಂತಿದ್ದರು. ಏನೂ ಅನ್ನಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಮುಂದೆ ಹೋಗಿ ತವಾ ಇಟ್ಟರು.

ಚಿಕ್ಕಮ್ಮ ಮತ್ತು ನಾದಿನಿ ಒಂದೂಕಾಲು ತಾಸು ಒಲೆ ಮುಂದೆ ನಿಂತು ಒಂದೊಂದೇ ರೊಟ್ಟಿ ಬಿಡಿಸಿ, ತವಾ ಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ನೀರು ಹಾರಿಸಿದರು. ಹಾಗೆ ಕಾಯಿಸಿದ್ದನ್ನು ಆ ಕ್ಷಣಕ್ಕೆ ತಿನ್ನಬೇಕು, ಎರಡು ನಿಮಿಷ ಬಿಟ್ಟರೆ ಗಟ್ಟಿ. ಸುಮಾರು ಅರವತ್ತು ರೊಟ್ಟಿ ಹಾಗೆ ದಾಟಿದವು. ಮಗಳ ಪಾರ್ಟಿಗೆ ಅಂತ ರೇಷ್ಮೆ ಸೀರೆ ಉಟ್ಟುಕೊಂಡು ಬಂದ ಅತಿಥಿಗಳಿಂದ ಒಲೆ ಕೆಲಸ ಮಾಡಿಸಿದೆವಲ್ಲ ಅಂತ ನನಗೆ ಈಗಲೂ ಒಳಗೊಳಗೇ ಕಸಿವಿಸಿ.

ಇಷ್ಟೆಲ್ಲ ಬೈದ ಮೇಲೆ ಒಳ್ಳೆಯದ್ದನ್ನೂ ಹೇಳದಿದ್ದರೆ ಅನ್ಯಾಯ. ಎಣ್ಣೆಗಾಯಿ! ಆ ಎಣ್ಣೆಗಾಯಿ ನಾನು ಮನೆಯಲ್ಲಿ ಮಾಡಲಾರೆ. ಸಣ್ಣ ಮುಳಗಾಯಿ, ಎಲ್ಲ ಒಂದೇ ಅಳತೆ, ತೊಟ್ಟು ಸಮೇತ ನಾಲ್ಕು ಸೀಳು ಮಾಡಿ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ ತುಂಬಿದ್ದರು. ಕಾಯಿ ಮೆತ್ತಗೆ ಬೆಂದಿದೆ, ಆದರೆ ಒಂದೂ ಒಡೆದಿಲ್ಲ, ತೊಟ್ಟು ಹಿಡಿದು ಎತ್ತಿದರೆ ಪೂರ್ತಿ ಬರುತ್ತದೆ. ಮೇಲೆ ಒಂದು ಬೆರಳು ದಪ್ಪ ಎಣ್ಣೆ, ಕೆಂಪಗೆ, ಅದು ಮಾತ್ರ ನಿಜವಾದ ಬ್ಯಾಡಗಿ. ಮೂರು ತಾಸು ಪಾತ್ರೆಯಲ್ಲಿ ಕೂತದ್ದಕ್ಕೆ ಮಸಾಲೆ ಒಳಗೆ ಇಳಿದು ಇನ್ನೂ ರುಚಿಯಾಗಿತ್ತು. ಹಾವೇರಿ ಕಾಕಾ ಮಗಳಿಗೆ ಏಲಕ್ಕಿ ಹಾರ ಹಾಕಿ, ಫೋಟೊ ತೆಗೆಸಿಕೊಂಡು, ಸೀದಾ ಬಂದು ಎಣ್ಣೆಗಾಯಿ ಪಾತ್ರೆ ಪಕ್ಕ ಕುರ್ಚಿ ಹಾಕಿಕೊಂಡರು. ಏಳು ತಿಂದರು, ನಾನು ಎಣಿಸಿದೆ.

ಹೆಸರುಕಾಳು ಪಲ್ಯ ಚೆನ್ನಾಗಿತ್ತು. ಶೇಂಗಾ ಚಟ್ನಿ ಒಳಕಲ್ಲಿನಲ್ಲಿ ಕುಟ್ಟಿದ್ದು ಅಂತ ನಾಲಿಗೆಗೇ ಗೊತ್ತಾಗುತ್ತಿತ್ತು. ಅನ್ನ ನಾಲ್ಕೂವರೆ ಕೆಜಿ ಅಕ್ಕಿಯದ್ದು, ಉದುರು ಉದುರಾಗಿ, ಒಂದು ಬೊಗಸೆ ಮಾತ್ರ ಉಳಿಯಿತು. ಸಾರು ಒಲೆ ಮೇಲಿಟ್ಟು ಕುದಿಸಿಕೊಂಡೆವು. ಮೊಸರು ಹುಳಿ. ಮೇ ತಿಂಗಳಲ್ಲಿ ಮೊಸರು ಮೂರು ತಾಸು ಹೊರಗಿದ್ದರೆ ಯಾರ ಮೊಸರಾದರೂ ಹುಳಿಯೇ.

ಆವತ್ತು ರಾತ್ರಿ ಪಾತ್ರೆ ತಿಕ್ಕುತ್ತ ನನಗೆ ಹೊಳೆದದ್ದು ಇಷ್ಟು. ಮೆನು ಬರೆಯುವಾಗ ನಾವು ಸಿಹಿ, ಖಾರ, ಪಲ್ಯ, ಅನ್ನ ಅಂತ ಬರೆಯುತ್ತೇವೆ. ಹಾಗೆ ಬರೆಯಬಾರದು. ಯಾವುದು ಮೂರು ತಾಸು ಕೂತರೂ ಕೆಡುವುದಿಲ್ಲ, ಯಾವುದು ಹತ್ತು ನಿಮಿಷಕ್ಕೆ ಸಾಯುತ್ತದೆ ಅಂತ ಎರಡು ಪಟ್ಟಿ ಮಾಡಬೇಕು. ಮೊದಲ ಪಟ್ಟಿ ಹೊರಗೆ ಹೇಳಬೇಕು, ಎರಡನೆಯದು ಮನೆಯಲ್ಲೇ ಆಗಬೇಕು.

ಪೇಢೆ ಮೊದಲ ಪಟ್ಟಿಯದ್ದು, ಅದಕ್ಕೇ ಅದು ಯಾವ ತಂಟೆಯನ್ನೂ ಕೊಡಲಿಲ್ಲ. ಮೂರು ದಿನ ಮುಂಚೆಯೇ ನಾನು ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ, ಲೈನ್ ಬಜಾರ್‌ನಲ್ಲಿ ಬಾಬುಸಿಂಗ್ ಠಾಕೂರರ ಅಂಗಡಿ ಮುಂದೆ ಸಾಲಲ್ಲಿ ನಿಂತು ಎರಡೂವರೆ ಕೆಜಿ ತಂದಿದ್ದೆ. ಈಗ ಪೇಢೆ ಹುಬ್ಬಳ್ಳಿಯಲ್ಲೂ ಓಣಿಗೊಂದು ಕಡೆ ಸಿಗುತ್ತದೆ, ಕೆಲವು ನಿಜವಾಗಲೂ ಚೆನ್ನಾಗಿವೆ, ಆದರೆ ಹತ್ತಿರದ ಮಂದಿಗೆ ಹಂಚುವಾಗ ನನಗೆ ಲೈನ್ ಬಜಾರ್‌ದೇ ಆಗಬೇಕು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಮನೆತನ ನಮ್ಮ ಊರಿನ ಎಮ್ಮೆ ಹಾಲು ಹಿಡಿದು ಮಾಡಿದ ಸಿಹಿ, ಈಗ ಅದಕ್ಕೆ ಜಿಐ ಟ್ಯಾಗ್ ಬೇರೆ ಇದೆ. ಖೋವಾವನ್ನು ಕಂದು ಬಣ್ಣ ಬರುವ ತನಕ ಹುರಿದಿರುತ್ತಾರೆ, ನೀರಿನ ಅಂಶ ಹೋಗಿರುತ್ತದೆ, ಮೇಲೆ ಸಕ್ಕರೆ ಹೊರಳಿಸಿರುತ್ತಾರೆ. ಫ್ರಿಜ್ ಬೇಡ. ಡಬ್ಬಿಯಲ್ಲಿ ಇಟ್ಟು ಮರೆತರೂ ಪಾರ್ಟಿ ದಿನ ಹಾಗೇ ಇರುತ್ತದೆ, ನಮ್ಮ ಮನೆಯವರ ಕೈಗೆ ಸಿಗಬಾರದು ಅಷ್ಟೇ.

ಹೋಳಿಗೆ ನಮ್ಮ ಓಣಿಯ ಹಿಂದಿನ ಸಾಲಿನಲ್ಲಿ ಮನೆಯಲ್ಲೇ ಮಾಡಿ ಮಾರುವ ಒಬ್ಬ ಅಕ್ಕ ಇದ್ದಾರೆ, ಅವರಿಗೆ ಹೇಳಿದ್ದೆ. ಎಪ್ಪತ್ತು ಹೋಳಿಗೆ. ಅವರು ಬೆಳಗ್ಗೆ ಹನ್ನೊಂದಕ್ಕೆ ತಂದುಕೊಟ್ಟರು, ಸಂಜೆ ಎಂಟಕ್ಕೂ ಮೆತ್ತಗೆ. ಯಾಕೆ? ಪ್ರತಿ ಹೋಳಿಗೆ ಪೂರ್ತಿ ಆರಿದ ಮೇಲೆ ಜೋಡಿಸಿದ್ದರು, ಬಿದಿರಿನ ಬುಟ್ಟಿ, ಕೆಳಗೆ ಹಳೆಯ ಕಾಟನ್ ಪಂಚೆ, ನಡುನಡುವೆ ಪೇಪರ್. ಬುಟ್ಟಿ ಉಸಿರಾಡುತ್ತದೆ, ಪ್ಲಾಸ್ಟಿಕ್ ಉಸಿರಾಡುವುದಿಲ್ಲ. ಖಾಲಿ ಬುಟ್ಟಿ ವಾಪಸ್ ಕೊಡಲು ಹೋದಾಗ ಅವರ ಮುಂದೆ ರೊಟ್ಟಿ ಕಥೆ ಹೇಳಿಕೊಂಡೆ. "ಅಯ್ಯ, ನನಗ ಹೇಳಿದ್ರ ಮನಿಗೇ ಬಂದು ಬಡದು ಕೊಡ್ತಿದ್ನೆಲ್ಲ್ರಿ" ಅಂದರು.

ಜುಲೈನಲ್ಲಿ ಮೈದುನನ ಮಗುವಿನ ಹೆಸರಿಡುವ ಕಾರ್ಯಕ್ರಮ ಬಂತು, ಆಗ ಅದನ್ನೂ ನೋಡಿಯೇ ಬಿಟ್ಟೆ. ಆ ಅಕ್ಕ ಮತ್ತು ಅವರ ತಂಗಿ ತಮ್ಮದೇ ಹಂಚು, ಹಿಟ್ಟು ನಾದುವ ತಮ್ಮದೇ ಕೊಣಮಿಗೆ ಹಿಡಿದುಕೊಂಡು ಬಂದರು. ಗ್ಯಾಸ್ ನಮ್ಮದು, ಹಿಟ್ಟು ಅವರದ್ದು. ಬೇರೆಯವರ ಹಿಟ್ಟು ಅವರು ಮುಟ್ಟುವುದಿಲ್ಲ, ಹಳೆ ಹಿಟ್ಟಾದರೆ ರೊಟ್ಟಿ ಅಂಚು ಸೀಳುತ್ತದೆ, ಆಮೇಲೆ ಹೆಸರು ಕೆಡುವುದು ತಮ್ಮದು ಅಂತಾರೆ. ಎರಡೂಕಾಲು ತಾಸಿನಲ್ಲಿ ನೂರಾ ಇಪ್ಪತ್ತು ರೊಟ್ಟಿ, ಒಂದಕ್ಕೆ 15 ರೂಪಾಯಿ. ಅಂಗಡಿಗಿಂತ ಜಾಸ್ತಿ, ಹೌದು. ಆದರೆ ಪಂಗ್ತಿಯಲ್ಲಿ ಕೂತವರ ತಟ್ಟೆಗೆ ಉಬ್ಬಿದ ರೊಟ್ಟಿ ಬಿದ್ದಾಗ ಅದರೊಳಗಿಂದ ಹಬೆ ಬರುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಹಾಲ್‌ನಲ್ಲಿದ್ದ ಮುದುಕರೆಲ್ಲ ಕರೆಯದೆಯೇ ಬಂದು ಊಟಕ್ಕೆ ಕೂತರು. ಆವತ್ತಿನ ಎಣ್ಣೆಗಾಯಿ ಮಾತ್ರ ಅದೇ ಹಳೆ ಕೇಟರಿಂಗ್‌ನವರದ್ದು. ಹೌದು, ಮತ್ತೆ ಅವರಿಗೇ ಹೇಳಿದೆ, ನಗಬೇಡಿ.

ದುಡ್ಡಿನ ಲೆಕ್ಕ ಕೇಳುವವರಿಗೆ: ಅರವತ್ತು ಪ್ಲೇಟ್ 11,400, ಗೋಬಿ 1,800, ಆಟೋ 500, ಒಟ್ಟು 13,700. ಮರುದಿನ ಪಾತ್ರೆ ತಗೊಂಡು ಹೋಗಲು ಮಾಲೀಕರೇ ಬಂದರು. ಅಟ್ಟದಿಂದ ಗೋಬಿ ಡಬ್ಬಿ ಇಳಿಸಿ ಮುಂದೆ ಇಟ್ಟೆ, ಪಕ್ಕದಲ್ಲಿ ಆ ಗುಲಾಬಿ ನೀರಿನ ಲೋಟವನ್ನೂ. ನಾನು ಚೆಲ್ಲಿರಲಿಲ್ಲ, ಬೇಕೆಂದೇ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು, "ಹುಡುಗೂರು ಹೇಳಿದ ಮಾತು ಕೇಳಂಗಿಲ್ರಿ" ಅಂದು ಸಾವಿರ ರೂಪಾಯಿ ಬಿಟ್ಟರು. ಜಗಳ ಆಡಲಿಲ್ಲ, ಜೋರು ಮಾಡಲಿಲ್ಲ, ಅದು ಅವರ ದೊಡ್ಡತನ. ಹೋಗುವಾಗ "ಐದು ಸ್ಟಾರ್ ಹಾಕ್ರಿ ಅಕ್ಕಾ" ಅಂದರು.

ಐದು ಕೊಡಲ್ಲ. ಮೂರು ಕೊಡುತ್ತೇನೆ. ಅದರಲ್ಲಿ ಎರಡು ಬರೀ ಎಣ್ಣೆಗಾಯಿಗೆ, ಒಂದು ಆ ಸಾವಿರ ರೂಪಾಯಿಗೆ.

ಉಳಿದ ನೂರಾ ಇಪ್ಪತ್ತು ರೊಟ್ಟಿ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. ಮರುದಿನ ಬಿಸಿಲು ಚುರುಚುರು ಅನ್ನುತ್ತಿತ್ತು. ಹರಿಯದೆ ಉಳಿದವುಗಳನ್ನು ಚಿಕ್ಕಮ್ಮ ಬಿಡಿಸಿ, ತವಾ ಮೇಲೆ ಒಂದು ಸುತ್ತು ಕಾಯಿಸಿ, ಟೆರೇಸ್ ಮೇಲೆ ಹಳೆ ಸೀರೆ ಹಾಸಿ ಒಣಗಲು ಇಟ್ಟರು. ಸಂಜೆಗೆ ಎಂಬತ್ತು ಚಿಲ್ಲರೆ ಖಡಕ್ ರೊಟ್ಟಿ. ಅರ್ಧ ಗದಗಿಗೆ ಹೋದವು. ಇನ್ನರ್ಧ ನಮ್ಮ ಮನೆಯ ತಗಡಿನ ಡಬ್ಬಿಯಲ್ಲಿ. ಮಗಳು ಈಗ ಕಾಲೇಜಿಗೆ ಹೋಗುವಾಗ ಒಂದು ಮುರಿದು, ಶೇಂಗಾ ಚಟ್ನಿ ಉದುರಿಸಿಕೊಂಡು, ಬಸ್ ಸ್ಟಾಪಿನ ತನಕ ಕಟುಂ ಕಟುಂ ಅಂತ ತಿನ್ನುತ್ತ ಹೋಗುತ್ತಾಳೆ.